24 ಇಂಚಿನ ಉಪ್ಪುನೀರಿನ ಟ್ಯಾಂಕಿಗೆ ಯಾವ ಮೀನು, ಎಷ್ಟು, ಯಾವುದು ಮೊದಲು?

ನೀವು ಹೇಳಿರುವುದು ಇಷ್ಟು: 24×15×15 ಇಂಚಿನ ಟ್ಯಾಂಕ್, ಉಪ್ಪುನೀರು ತುಂಬಿ ಎರಡು ವಾರ ಆಗಿದೆ, ಅಂಗಡಿಯವರು "ಮೊದಲು ಮೂರು ಡ್ಯಾಮ್ಸೆಲ್ ಬಿಡಿ, ಟ್ಯಾಂಕ್ ಸೆಟ್ ಆಗುತ್ತೆ" ಅಂದಿದ್ದಾರೆ. ಆಮೇಲೆ ನಿಮಗೆ ಒಂದು ಜೊತೆ ಕ್ಲೌನ್‌ಫಿಶ್, ಒಂದು ಬ್ಲೂ ಟ್ಯಾಂಗ್, ಒಂದು ಮ್ಯಾಂಡರಿನ್ ಬೇಕು. ಇದರಲ್ಲಿ ಕ್ಲೌನ್ ಜೋಡಿ ಸರಿ. ಟ್ಯಾಂಗ್, ಮ್ಯಾಂಡರಿನ್ ಬೇಡ. ಡ್ಯಾಮ್ಸೆಲ್ ಅಂತೂ ಬೇಡವೇ ಬೇಡ.

ಮೊದಲು ಜಾಗದ ಲೆಕ್ಕ. ಹೊರಗಿನ ಅಳತೆಯಿಂದ ಸುಮಾರು 88 ಲೀಟರ್ ಬರುತ್ತದೆ. ಗಾಜಿನ ದಪ್ಪ, ಮರಳು, ಕಲ್ಲು, ಮೇಲೆ ಬಿಡುವ ಎರಡು ಇಂಚು ಕಳೆದರೆ ನಿಜವಾದ ನೀರು 65ರಿಂದ 70 ಲೀಟರ್. ಇದರಲ್ಲಿ ನಾಲ್ಕು ಸಣ್ಣ ಮೀನು ನೆಮ್ಮದಿಯಾಗಿರುತ್ತವೆ. ಸಿಹಿನೀರಿನ ಟ್ಯಾಂಕಿನಲ್ಲಿ ಇಪ್ಪತ್ತು ಟೆಟ್ರಾ ಸಾಕಿದವರಿಗೆ ಇದು ಜಿಪುಣತನ ಅನ್ನಿಸಬಹುದು. ಆದರೆ ಹವಳದ ದಿಬ್ಬದ ಮೀನುಗಳಲ್ಲಿ ಹೆಚ್ಚಿನವು ಒಂದೊಂದು ಸಂದನ್ನು ತಮ್ಮದೆಂದು ಹಿಡಿದು ಬದುಕುವಂಥವು. ಸಮುದ್ರದಲ್ಲಿ ಸೋತ ಮೀನು ಹತ್ತು ಮೀಟರ್ ಆಚೆ ಓಡಿಹೋಗುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಓಡಲು ಇರುವುದು ಎರಡು ಅಡಿ. ಹಾಗಾಗಿ ನಾನು ಮೀನು ಆರಿಸುವಾಗ ಕೇಳಿಕೊಳ್ಳುವ ಮೊದಲ ಪ್ರಶ್ನೆ ಬಣ್ಣದ್ದಲ್ಲ: ಇದು ರಾತ್ರಿ ಎಲ್ಲಿ ಮಲಗುತ್ತದೆ? ನೆಲದ ಬಿಲದಲ್ಲೋ, ಕಲ್ಲಿನ ಸಂದಿನಲ್ಲೋ, ಮೇಲಿನ ನೀರಿನಲ್ಲೋ? ಒಂದೇ ಕಡೆ ಮಲಗುವ, ಒಂದೇ ಆಕಾರದ ಎರಡು ಮೀನು ಸಣ್ಣ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಕಚ್ಚಾಡುತ್ತವೆ.

ಡ್ಯಾಮ್ಸೆಲ್ ಸಲಹೆ ಹಳೆಯ ಕಾಲದ್ದು. ಅದು ಗಟ್ಟಿ ಜೀವ, ಅಮೋನಿಯಾ ಏರಿದರೂ ಬೇಗ ಸಾಯುವುದಿಲ್ಲ, ಬೆಲೆಯೂ ಕಡಿಮೆ. ಅದು ಸಾಯದೆ ಉಳಿಯುವುದೇ ಮುಂದೆ ನಿಮಗೆ ತಲೆನೋವು. ಕಪ್ಪು ಬಿಳಿ ಪಟ್ಟೆಯ ತ್ರೀ ಸ್ಟ್ರೈಪ್, ಕಪ್ಪು ಮೈಗೆ ಬಿಳಿ ಚುಕ್ಕೆಯ ಡಾಮಿನೊ, ಪೂರ್ತಿ ನೀಲಿಯ ಬ್ಲೂ ಡೆವಿಲ್, ಮೂರೂ ಒಂದು ತಿಂಗಳೊಳಗೆ ಎಲ್ಲ ಸಂದುಗಳಿಗೂ ಯಜಮಾನರಾಗುತ್ತವೆ. ಆಮೇಲೆ ಬಿಟ್ಟ ಮೀನನ್ನು ಮೂಲೆಗೆ ಅಟ್ಟಿ ರೆಕ್ಕೆ ಹರಿಯುತ್ತವೆ. ಬಲೆ ಹಾಕಿ ಹಿಡಿಯೋಣವೆಂದರೆ ಕಲ್ಲನ್ನೆಲ್ಲ ಹೊರಗೆ ತೆಗೆಯಬೇಕು. ಈಗಾಗಲೇ ಬಿಟ್ಟಿದ್ದರೆ ಬಾಟಲಿ ಬೋನು ಮಾಡಿ: ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಕಾಲುಭಾಗ ಕತ್ತರಿಸಿ, ಮುಚ್ಚಳ ತೆಗೆದು, ಬಾಯಿ ಒಳಮುಖವಾಗುವಂತೆ ತಿರುಗಿಸಿ ಸಿಕ್ಕಿಸಿ, ಒಳಗೆ ಸಿಗಡಿ ಚೂರು ಹಾಕಿ ಮರಳಿನ ಮೇಲೆ ಮಲಗಿಸಿ. ಹಿಂದಿನ ದಿನ ಊಟ ಹಾಕಬೇಡಿ. ಒಳಗೆ ಹೋದದ್ದಕ್ಕೆ ಹೊರಗೆ ಬರುವ ದಾರಿ ಬೇಗ ಸಿಗುವುದಿಲ್ಲ, ಆದರೆ ನೀವು ಹತ್ತಿರದಲ್ಲೇ ಕಾದು ಕೂತಿರಬೇಕು.

ಟ್ಯಾಂಕ್ ಸೆಟ್ ಆಗಲು, ಅಂದರೆ ಕೊಳೆಯಿಂದ ಬರುವ ವಿಷಕಾರಿ ಅಮೋನಿಯಾವನ್ನು ಬದಲಿಸುವ ಬ್ಯಾಕ್ಟೀರಿಯಾ ಬೆಳೆಯಲು, ಮೀನು ಬೇಕಿಲ್ಲ. ಒಂದು ಹಸಿ ಸಿಗಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೀರಿಗಿಳಿಸಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ 2 ಪಿಪಿಎಂ ಹತ್ತಿರ ಬಂದಾಗ ತೆಗೆದುಬಿಡಿ. ಅಮೋನಿಯಾ ಇಳಿಯುತ್ತ ನೈಟ್ರೈಟ್ ಏರುತ್ತದೆ, ಅದೂ ಇಳಿದು ನೈಟ್ರೇಟ್ ಕಾಣುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ನಿಮ್ಮದು ಎರಡೇ ವಾರ, ಇನ್ನೂ ಕಾಯಬೇಕು.

ಈಗ ಮೀನು. ನಾನಾದರೆ ಈ ಟ್ಯಾಂಕಿಗೆ ಒಂದು ಫೈರ್‌ಫಿಶ್, ಪಿಸ್ತೂಲ್ ಸಿಗಡಿಯ ಜೊತೆಗೆ ಒಂದು ಯೆಲ್ಲೋ ವಾಚ್‌ಮನ್ ಗೋಬಿ, ಒಂದು ಜೊತೆ ಒಸೆಲ್ಲಾರಿಸ್ ಕ್ಲೌನ್, ಇದೇ ಕ್ರಮದಲ್ಲಿ ಬಿಟ್ಟು ನಿಲ್ಲಿಸುತ್ತೇನೆ. ಪುಕ್ಕಲು ಮೊದಲು, ಜಗಳಗಂಟ ಕೊನೆಗೆ. ಒಂದು ಬಿಟ್ಟ ಮೇಲೆ ಇನ್ನೊಂದಕ್ಕೆ ಮೂರು ನಾಲ್ಕು ವಾರ ಅಂತರ ಇರಲಿ, ಬ್ಯಾಕ್ಟೀರಿಯಾ ಹೊಸ ಹೊರೆಗೆ ಒಗ್ಗಬೇಕು.

ಫೈರ್‌ಫಿಶ್ 8–9 ಸೆಂ.ಮೀ. ಉದ್ದದ ಮೀನು, ಅರ್ಧ ಮೈ ಬಿಳಿ, ಹಿಂದೆ ಕೆಂಪು. ತನ್ನ ಸಂದಿನ ಮುಂದೆ ನೀರಿನಲ್ಲಿ ತೇಲುತ್ತ ತಿನಿಸು ಹೆಕ್ಕುತ್ತದೆ, ಹೆದರಿದರೆ ಬಾಣದಂತೆ ಒಳಗೆ. ಒಂದೇ ಇರಲಿ, ಜೋಡಿಯಲ್ಲದ ಎರಡನ್ನು ಬಿಟ್ಟರೆ ಒಂದು ಇನ್ನೊಂದನ್ನು ಕೊಲ್ಲುವವರೆಗೂ ಬಿಡದು. ಇದರ ದೊಡ್ಡ ಅಪಾಯ ಜಿಗಿತ. ಲೈಟ್ ಥಟ್ಟನೆ ಆರಿದರೆ, ಕ್ಲೌನ್ ಅಟ್ಟಿದರೆ ನೀರಿನಿಂದ ಹಾರಿ ಮರುದಿನ ನೆಲದ ಮೇಲೆ ಒಣಗಿ ಸಿಗುತ್ತದೆ. ಮೇಲೆ 5–6 ಮಿ.ಮೀ. ಕಣ್ಣಿನ ಜಾಲರಿ ಬಿಗಿಯಿರಿ. ಫಿಲ್ಟರ್ ಪೈಪಿಗೆಂದು ಬಿಟ್ಟ ಮೂಲೆಯ ಕಿಂಡಿಯನ್ನೂ ಮುಚ್ಚಿ, ಅದು ಹಾರಿಹೋಗುವುದು ಅಲ್ಲಿಂದಲೇ.

ಗೋಬಿ ಮತ್ತು ಪಿಸ್ತೂಲ್ ಸಿಗಡಿ ಈ ಟ್ಯಾಂಕಿನ ನಿಜವಾದ ಚೆಲುವು. ಸಿಗಡಿಗೆ ಕಣ್ಣು ಮಂದ. ಇಡೀ ದಿನ ಮರಳು ತೋಡಿ ಬುಲ್ಡೋಜರಿನಂತೆ ಹೊರಗೆ ತಳ್ಳುತ್ತದೆ, ತಳ್ಳುವಾಗ ಒಂದು ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಯೇ ಇಟ್ಟಿರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅದುರಿಸುತ್ತದೆ, ಎರಡೂ ಬಿಲದೊಳಗೆ. ಇದಕ್ಕೆ 5ರಿಂದ 7 ಸೆಂ.ಮೀ. ಮರಳು ಬೇಕು, ಅದರಲ್ಲಿ ಒಂದಿಷ್ಟು ಕಡಲೆಕಾಳು ಗಾತ್ರದ ಚೂರುಗಲ್ಲು ಬೆರೆಸಿ, ಇಲ್ಲದಿದ್ದರೆ ಬಿಲ ಕುಸಿಯುತ್ತದೆ. ಕಲ್ಲನ್ನು ಮರಳಿನ ಮೇಲೆ ಕೂರಿಸಬೇಡಿ. ತಳದ ಗಾಜಿಗೇ ತಾಗುವಂತೆ ನಿಲ್ಲಿಸಿ, ಆಮೇಲೆ ಸುತ್ತ ಮರಳು ಹಾಕಿ. ಸಿಗಡಿ ಅಡಿಯಲ್ಲಿ ತೋಡಿ ಕಲ್ಲು ಉರುಳಿದರೆ ಗೋಬಿ ಅಪ್ಪಚ್ಚಿ, ಕೆಲವೊಮ್ಮೆ ಗಾಜೂ ಬಿರುಕು. ಅಂದಹಾಗೆ, ರಾತ್ರಿ "ಟಕ್" ಎಂದು ಗಾಜು ಒಡೆದಂಥ ಸದ್ದು ಬಂದರೆ ಗಾಬರಿಯಾಗಬೇಡಿ, ಅದು ಸಿಗಡಿ ಕೊಂಡಿ ಬಡಿಯುವ ಸದ್ದು.

ಕ್ಲೌನ್‌ಫಿಶ್ ವಿಷಯದಲ್ಲಿ ಎರಡು ತಪ್ಪು ಆಗುತ್ತವೆ. ಮೊದಲನೆಯದು ಜಾತಿಯದು. ಅಂಗಡಿಯಲ್ಲಿ "ಕ್ಲೌನ್" ಅಂದರೆ ಒಸೆಲ್ಲಾರಿಸ್ ಆಗಿರಬಹುದು, ಸೀಬೆ, ಕ್ಲಾರ್ಕ್, ಟೊಮ್ಯಾಟೊ, ಮರೂನ್ ಯಾವುದೂ ಆಗಿರಬಹುದು. ನಿಮಗೆ ಬೇಕಾದದ್ದು ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆಯದು. ಹೆಣ್ಣು 8–9 ಸೆಂ.ಮೀ.ಗೆ ನಿಲ್ಲುತ್ತದೆ. ಕಂದು ಕಪ್ಪು ಮೈಯ ಸೀಬೆ, ಕ್ಲಾರ್ಕ್ ಮತ್ತು ಕಡುಗೆಂಪಿನ ಮರೂನ್ 15 ಸೆಂ.ಮೀ. ಹತ್ತಿರ ಬೆಳೆಯುತ್ತವೆ, ಕೈ ಹಾಕಿದರೆ ಕೈಗೇ ಕಚ್ಚುತ್ತವೆ. ಎರಡು ಜಾತಿ ಬೆರೆಸಲೇಬೇಡಿ. ಎರಡನೆಯ ತಪ್ಪು ಗಾತ್ರದ್ದು. ಇವು ಹುಟ್ಟುವಾಗ ಹೆಣ್ಣೂ ಅಲ್ಲ, ಪೂರ್ಣ ಗಂಡೂ ಅಲ್ಲ; ಗುಂಪಿನಲ್ಲಿ ಮೇಲುಗೈ ಸಾಧಿಸಿದ್ದು ಹೆಣ್ಣಾಗುತ್ತದೆ, ಅದರ ಕೆಳಗಿನದು ಗಂಡು. ಹೆಣ್ಣಾದದ್ದು ಮತ್ತೆ ಗಂಡಾಗದು. ಆದ್ದರಿಂದ ಎರಡು ದೊಡ್ಡ ಮೀನು ತಂದರೆ ಎರಡೂ ಹೆಣ್ಣಾಗಿದ್ದು ಸಾಯುವವರೆಗೆ ಕಾದಾಡಬಹುದು. ಒಂದು 4 ಸೆಂ.ಮೀ., ಇನ್ನೊಂದು 2.5 ಸೆಂ.ಮೀ. ಮರಿ ತನ್ನಿ, ಒಟ್ಟಿಗೇ ಬಿಡಿ. ಚಿಕ್ಕದು ದೊಡ್ಡದರ ಮುಂದೆ ಓರೆಯಾಗಿ ಮೈ ನಡುಗಿಸಿದರೆ ಅದು ಶರಣಾಗತಿ, ಒಳ್ಳೆಯ ಲಕ್ಷಣ. ಮೂರು ತಂದರೆ ಮೂರನೆಯದಕ್ಕೆ ಉಳಿಗಾಲವಿಲ್ಲ. ಅನಿಮೋನ್ (ಸಮುದ್ರದಲ್ಲಿ ಕ್ಲೌನ್ ಆಸರೆ ಪಡೆಯುವ ಹೂವಿನಂಥ ಪ್ರಾಣಿ) ಬೇಕಿಲ್ಲ, ಅದಿಲ್ಲದೆಯೂ ಚೆನ್ನಾಗಿಯೇ ಇರುತ್ತವೆ. ಕೇಳಿ ಟ್ಯಾಂಕಿನಲ್ಲೇ ಮರಿಯಾದದ್ದನ್ನೇ ತನ್ನಿ. ತಮಿಳುನಾಡಿನ ಮಂಡಪಂನ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಕೇಂದ್ರದಂಥ ಕಡೆಗಳಲ್ಲಿ ಕ್ಲೌನ್ ಮರಿ ಮಾಡಿಸುವ ತಂತ್ರ ಕೈಗೂಡಿದೆ, ಸಮುದ್ರದಿಂದ ಹಿಡಿದದ್ದಕ್ಕಿಂತ ಅಂಥವು ಒಣ ಆಹಾರಕ್ಕೆ ಬೇಗ ಒಗ್ಗುತ್ತವೆ.

ನೀವು ಕೇಳಿದ ಬ್ಲೂ ಟ್ಯಾಂಗ್ ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ, ಬೆಳೆದರೆ 30 ಸೆಂ.ಮೀ., ಅಂದರೆ ನಿಮ್ಮ ಟ್ಯಾಂಕಿನ ಅರ್ಧ ಉದ್ದ. ಆರು ಅಡಿ ಟ್ಯಾಂಕಿನ ಮೀನು ಅದು. ಮ್ಯಾಂಡರಿನ್ ಜಗಳವಾಡುವುದಿಲ್ಲ, ಹಸಿವಿನಿಂದ ಸಾಯುತ್ತದೆ: ದಿನವಿಡೀ ಕಲ್ಲಿನ ಮೇಲಿನ ಕೋಪೆಪಾಡ್ ಎಂಬ ಸೂಕ್ಷ್ಮ ಜೀವಿಗಳನ್ನೇ ಹೆಕ್ಕಿ ತಿನ್ನುವ ಅದಕ್ಕೆ 70 ಲೀಟರಿನ ದಾಸ್ತಾನು ಕೆಲವೇ ವಾರಕ್ಕೆ ಖಾಲಿ. ಸಿಕ್ಸ್ ಲೈನ್ ರಾಸ್, ಲಯನ್‌ಫಿಶ್, ಟ್ರಿಗರ್, ಏಂಜೆಲ್ ಯಾವುದೂ ಬೇಡ. ಕೌಫಿಶ್, ಬಾಕ್ಸ್‌ಫಿಶ್ ಮುದ್ದಾಗಿ ಕಾಣುತ್ತವೆ, ಆದರೆ ಹೆದರಿದರೆ ಅಥವಾ ಸತ್ತರೆ ವಿಷ ಬಿಟ್ಟು ಇಡೀ ಟ್ಯಾಂಕನ್ನೇ ಮುಗಿಸಬಲ್ಲವು. ಸಮುದ್ರ ಕುದುರೆ, ದಿಬ್ಬ ಕಟ್ಟುವ ಹವಳ ಯಾರು ಕೊಟ್ಟರೂ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿಗಳು ಅವು.

ಕೊಳ್ಳುವಾಗ ಮೀನು ತಿನ್ನುವುದನ್ನು ಕಣ್ಣಾರೆ ನೋಡಿ. "ತಿನ್ನುತ್ತೆ ಸಾರ್" ಅಂದರೆ ಸಾಲದು, ನಿಮ್ಮೆದುರೇ ಹಾಕಿಸಿ. ಹೊಟ್ಟೆ ಒಳಗೆ ಹೋಗಿದ್ದರೆ, ತಲೆಯ ಹಿಂದೆ ಬೆನ್ನು ಗುಳಿಬಿದ್ದಿದ್ದರೆ, ಉಸಿರು ಏದುಸಿರಾಗಿದ್ದರೆ, ಕ್ಲೌನ್ ಮೈಮೇಲೆ ಲೋಳೆ ಪದರ ಎದ್ದಿದ್ದರೆ ಬಿಟ್ಟುಬನ್ನಿ. ಮನೆಗೆ ತಂದ ಮೇಲೆ ಮೂರು ನಾಲ್ಕು ವಾರ ಬೇರೆ 30 ಲೀಟರಿನ ತೊಟ್ಟಿಯಲ್ಲಿಡಿ: ಒಂದು ಸ್ಪಂಜ್ ಫಿಲ್ಟರ್, ಅಡಗಲು ಎರಡು ಪಿವಿಸಿ ಎಲ್ಬೋ ಸಾಕು. ಬಿಳಿ ಚುಕ್ಕೆ ರೋಗ ಬಂದರೆ ತಾಮ್ರದ ಔಷಧಿ ಅಲ್ಲೇ ಹಾಕಬೇಕು. ಮುಖ್ಯ ಟ್ಯಾಂಕಿಗೆ ಹಾಕಿದರೆ ಕಲ್ಲು ತಾಮ್ರವನ್ನು ಹೀರಿಕೊಳ್ಳುತ್ತದೆ, ಸಿಗಡಿ ಸಾಯುತ್ತದೆ. ಹೊರಊರಿಂದ ಪಾರ್ಸೆಲ್ ಬಂದ ಮೀನಿನ ಚೀಲ ಬಿಚ್ಚಿ ಅದಕ್ಕೆ ಗಂಟೆಗಟ್ಟಲೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಬಿಡಬೇಡಿ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ, ಹಾಗಾಗಿ ಅಮೋನಿಯಾ ಹೆಚ್ಚು ಕಾಟ ಕೊಡುವುದಿಲ್ಲ. ಬಿಚ್ಚಿದೊಡನೆ ಪಿಎಚ್ ಏರಿ ಅದೇ ಅಮೋನಿಯಾ ಕಿವಿರು ಸುಡುತ್ತದೆ. ಬೇರೆ ತೊಟ್ಟಿಯ ಉಪ್ಪಿನಂಶವನ್ನು ಮೊದಲೇ ಚೀಲದ ನೀರಿಗೆ ಸರಿಹೊಂದಿಸಿಟ್ಟು, ಉಷ್ಣತೆ ಸಮವಾಗಲು ಹದಿನೈದು ನಿಮಿಷ ತೇಲಿಸಿ, ಮೀನನ್ನಷ್ಟೇ ಎತ್ತಿ ಬಿಡಿ.

ಉಪ್ಪಿನಂಶ (ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ) 1.025, ಉಷ್ಣತೆ 25–26 ಡಿಗ್ರಿ. ವಾರಕ್ಕೆ 7 ಲೀಟರ್ ಬದಲಿಸಿ. ಅಷ್ಟಕ್ಕೆ ಸುಮಾರು 250 ಗ್ರಾಂ ಅಕ್ವೇರಿಯಂ ಉಪ್ಪು, ನೀರು ಆರ್‌ಒದು. ಆವಿಯಾದ ನೀರಿಗೆ ಬರೀ ಆರ್‌ಒ ನೀರು ಸೇರಿಸಿ, ಉಪ್ಪು ಆವಿಯಾಗುವುದಿಲ್ಲ. ಬೇಸಿಗೆಯಲ್ಲಿ ಮೇಲಿನಿಂದ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆದರೆ ಆಗ ನೀರೂ ಬೇಗ ಇಳಿಯುವುದರಿಂದ ಗಾಜಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದುಕೊಳ್ಳಿ. ಮಂಗಳೂರು, ಉಡುಪಿ ಕಡೆಯವರಾಗಿ ಸಮುದ್ರದ ನೀರು ತರುವುದಿದ್ದರೆ ಮಳೆಗಾಲದಲ್ಲಿ ಅಳೆಯದೆ ಹಾಕಬೇಡಿ, ನದಿನೀರು ಬೆರೆತು ಉಪ್ಪು ಇಳಿದಿರುತ್ತದೆ.

ಕೊನೆಗೆ ಬಿಡುವ ಕ್ಲೌನ್‌ಗಳನ್ನು ನೇರ ಬಿಡದೆ, ಹಣ್ಣು ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮುಚ್ಚಿ ಎರಡು ದಿನ ಟ್ಯಾಂಕಿನೊಳಗೇ ತೇಲಿಸಿ. ಹಳಬರು ಹೊಸಬರು ಮುಖ ನೋಡಿಕೊಳ್ಳಲಿ. ಬಿಟ್ಟ ಮೇಲೆ ಮೂರು ರಾತ್ರಿ, ಲೈಟ್ ಆರಿ ಒಂದು ಗಂಟೆಯ ನಂತರ, ಮಂದ ಟಾರ್ಚ್ ಹಿಡಿದು ನೋಡಿ. ಕ್ಲೌನ್‌ಗಳು ಮೇಲಿನ ಮೂಲೆಯಲ್ಲಿ ಓರೆಯಾಗಿ ಓಲಾಡುತ್ತಿದ್ದರೆ ಸಾಯುತ್ತಿಲ್ಲ, ಅವು ಮಲಗುವುದೇ ಹಾಗೆ. ಫೈರ್‌ಫಿಶ್ ಅಲ್ಲಿ ಕಂಡರೆ ಮಾತ್ರ ಅದರ ಸಂದು ಕೈತಪ್ಪಿದೆ ಎಂದರ್ಥ: ಬೆಳಿಗ್ಗೆಯೇ ಕ್ಲೌನ್‌ಗಳನ್ನು ಮತ್ತೆ ಬುಟ್ಟಿಗೆ ಹಾಕಿ, ಒಂದೆರಡು ಕಲ್ಲಿನ ಜಾಗ ಬದಲಿಸಿ, ಇನ್ನೆರಡು ದಿನ ಬಿಟ್ಟು ನೋಡಿ.