ಪೇಟೆಗಳು ಬೆಳೆದರೆ ದೇಶ ತಾನಾಗಿ ಶ್ರೀಮಂತವಾಗುತ್ತದೆಯೇ?

ಇಲ್ಲ. ಎಷ್ಟು ಜನ ಪೇಟೆಗೆ ಬಂದರು ಅನ್ನುವುದಕ್ಕಿಂತ ಬಂದವರಿಗೆ ಏನು ಕೆಲಸ ಸಿಕ್ಕಿತು ಅನ್ನುವುದೇ ಮುಖ್ಯ.

ಚೀನಾದಲ್ಲಿ 1978ರಲ್ಲಿ ನಗರವಾಸಿಗಳು ಸುಮಾರು ಶೇ. 18 ಇದ್ದರು, 2020ರ ಹೊತ್ತಿಗೆ ಶೇ. 60 ದಾಟಿತು. ಹೊಲ ಬಿಟ್ಟವರನ್ನು ಶೆನ್‌ಜೆನ್‌ನಂಥ ಊರುಗಳ ಕಾರ್ಖಾನೆಗಳು ಸೆಳೆದುಕೊಂಡವು. ಕಾಂಗೋದ ರಾಜಧಾನಿ ಕಿನ್ಶಾಸಾದ ಜನಸಂಖ್ಯೆ ಕೂಡ ಕೋಟಿ ಮೀರಿದೆ, ಆದರೆ ಅಲ್ಲಿ ಬಹುಪಾಲು ಜನಕ್ಕೆ ಬೀದಿ ವ್ಯಾಪಾರ, ಚಿಲ್ಲರೆ ಕೆಲಸವೇ ಗತಿ.

ನಗರದ ಲಾಭ ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೋಗಿ. ಒಂದು ಶೆಡ್‌ನಲ್ಲಿ ಲೇತ್ ಮೇಲೆ ತಯಾರಾದ ಬಿಡಿಭಾಗಕ್ಕೆ ಪಕ್ಕದ ರಸ್ತೆಯಲ್ಲೇ ಪ್ಲೇಟಿಂಗ್ (ಲೋಹದ ಲೇಪನ) ಆಗುತ್ತದೆ. ಕೆಲಸ ಬಿಟ್ಟ ಆಪರೇಟರ್‌ಗೆ ನಾಲ್ಕು ಗೇಟ್ ಆಚೆ ‘ಬೇಕಾಗಿದ್ದಾರೆ’ ಬೋರ್ಡ್ ಕಾಣುತ್ತದೆ. ಉತ್ಪಾದಕತೆ ಹೆಚ್ಚಿಸುವುದು ಈ ಒತ್ತೊತ್ತಾದ ನೆರೆಹೊರೆಯೇ. ಬಾಡಿಗೆ, ಟ್ರಾಫಿಕ್ ಈ ಲಾಭದಲ್ಲಿ ಎಷ್ಟು ನುಂಗುತ್ತವೆ ಅನ್ನುವುದನ್ನು ಬೆಂಗಳೂರಿನವರಿಗೆ ನಾನು ಹೇಳಬೇಕಿಲ್ಲ.