ಓದುಗರ ಪ್ರಶ್ನೆ: ಕಿರುಚಿತ್ರದ ಅವಧಿ ಎಷ್ಟಿರಬೇಕು?

ಪ್ರಶ್ನೆ: ಗುಳೇದಗುಡ್ಡದ ಖಣ ನೇಕಾರರನ್ನು ಕುರಿತು, ಹಿನ್ನೆಲೆ ನಿರೂಪಣೆಯುಳ್ಳ 45 ನಿಮಿಷಗಳ ಚಿತ್ರವನ್ನು ಗೆಳೆಯರು ಸೇರಿ ಮಾಡಿದ್ದೇವೆ. ಇದನ್ನು ಕಿರುಚಿತ್ರವೆಂದು ವಿದೇಶದ ಉತ್ಸವಗಳಿಗೆ ಕಳುಹಿಸಬಹುದೇ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಆಸ್ಕರ್ ನಿಯಮದಂತೆ, ಕೊನೆಯ ಹೆಸರುಗಳ ಪಟ್ಟಿಯೂ ಸೇರಿ 40 ನಿಮಿಷ ಮೀರದ್ದು ಮಾತ್ರ ಕಿರುಚಿತ್ರ, 1954ರಲ್ಲಿ ಆರಂಭವಾದ ಜರ್ಮನಿಯ ಓಬರ್‌ಹೌಸನ್ ಮೊದಲಾದ ಉತ್ಸವಗಳು ತಮ್ಮದೇ ನಿಯಮಗಳನ್ನು ಇಟ್ಟುಕೊಂಡಿರುವುದರಿಂದ ಅವನ್ನು ಮೊದಲು ಓದಿಕೊಳ್ಳಿ. ಆದರೆ ಐದು ನಿಮಿಷ ಕತ್ತರಿಸಿ ಅಲ್ಲಿಗೇ ನಿಲ್ಲಬೇಡಿ. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಚಿತ್ರ, ಕೋಳಿ ಕದ್ದ ಅಜ್ಜಿಯ ಜನಪದ ಕಥೆಯನ್ನು ಸುಮಾರು 16 ನಿಮಿಷಗಳಲ್ಲಿ ಹೇಳುತ್ತದೆ. ನಿರೂಪಣೆಯನ್ನು ತೆಗೆದು, ಮಗ್ಗದ ಸದ್ದನ್ನೂ ನೇಕಾರರ ಆಡುಮಾತನ್ನೂ ತಿದ್ದದೆ ಉಳಿಸಿ, ಇಂಗ್ಲಿಷ್ ಅಡಿಬರಹ ಸೇರಿಸಿ.