ಪ್ರತಿಕ್ರಿಯೆ: ಕಾರ್ಟೆನ್ ಉಕ್ಕಿನ ಶಿಲ್ಪದ ಬುಡದಲ್ಲಿ ಉದುರುವ ತುಕ್ಕು
ಪರಿಸರ ಶಿಲ್ಪವನದಲ್ಲಿರುವ ನಿಮ್ಮ ಎಲೆಯಾಕಾರದ ಕಾರ್ಟೆನ್ ಶಿಲ್ಪವು ಬುಡದಲ್ಲಿ ಮಾತ್ರ ಪದರ ಪದರವಾಗಿ ಉದುರುತ್ತಿದೆ ಎಂದರೆ, ಉಕ್ಕಿನ ದೋಷಕ್ಕಿಂತ ಅಲ್ಲಿ ನಿಲ್ಲುವ ತೇವವೇ ಕಾರಣವಾಗಿರುವ ಸಂಭವ ಹೆಚ್ಚು. ತಾಮ್ರ, ಕ್ರೋಮಿಯಂಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದ ಈ ಉಕ್ಕಿನ ತುಕ್ಕು, ನೆನೆದು ಒಣಗುವ ಸರದಿ ಸಿಕ್ಕಾಗ ಮಾತ್ರ ಗಟ್ಟಿಯಾದ ರಕ್ಷಾಪದರವಾಗುತ್ತದೆ. ಹಸಿಮಣ್ಣು, ತರಗೆಲೆಗಳು ಸದಾ ಅಂಟಿಕೊಂಡಿದ್ದರೆ ಅದು ಸಾಮಾನ್ಯ ಕಬ್ಬಿಣದಂತೆಯೇ ಸವೆಯುತ್ತದೆ.

ಮೊದಲು ಬುಡದ ಸುತ್ತಲಿನ ಮಣ್ಣು, ಎಲೆಗಳನ್ನು ತೆಗೆದು, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಿ. ಗಿಡಗಳಿಗೆ ಬಿಡುವ ತುಂತುರು ನೀರು ಶಿಲ್ಪಕ್ಕೆ ತಾಗುತ್ತಿದ್ದರೆ ಅದರ ದಿಕ್ಕನ್ನು ಬದಲಿಸಿ. ಬುಡ ಒಣಗಿದ ಮೇಲೆ ಸಡಿಲವಾದ ಹಕ್ಕಳೆಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆದು, ಬೆಸುಗೆಯ ಗುಂಟ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ತಗಡು ಒಳಕ್ಕೆ ಕುಸಿದರೆ ಅಥವಾ ಬೆಸುಗೆ ಬಿರುಕು ಬಿಟ್ಟಿದ್ದರೆ ಮುಂದಿನ ಕೆಲಸವನ್ನು ನಿಲ್ಲಿಸಿ, ಮಕ್ಕಳು ಹತ್ತದಂತೆ ಸುತ್ತ ತಡೆ ಹಾಕಿ, ಅನುಭವಿ ಬೆಸುಗೆಗಾರರನ್ನು ಕರೆಸಿ. ಸವೆತ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಬರಿಯ ವಿವರಣೆಯಿಂದ ನಿರ್ಧರಿಸಲಾಗದು. ಗಟ್ಟಿಯಿದ್ದರೆ, ಮಣ್ಣಿನೊಳಗಿನ ಭಾಗಕ್ಕೂ ನೆಲಮಟ್ಟದಿಂದ ತುಸು ಮೇಲಿನವರೆಗೂ ಎಪಾಕ್ಸಿ (ನೀರು ತಡೆಯುವ ಗಟ್ಟಿ ರಾಳ) ಲೇಪ ಹಚ್ಚಿ, ಅದು ಒಣಗಿದ ಮೇಲೆ ಬುಡದ ಸುತ್ತ ಜಲ್ಲಿ ತುಂಬಿ. ಪಕ್ಕದಲ್ಲಿ ಕೊಳವಿದೆ ಎಂದಿದ್ದೀರಿ. ಸತುವು ಜಲಚರಗಳಿಗೆ ವಿಷವಾಗಬಲ್ಲದಾದ್ದರಿಂದ ಸತುವಿನ ಪ್ರೈಮರ್ ಖಂಡಿತ ಬೇಡ, ಉಜ್ಜುವಾಗ ಉದುರುವ ಪುಡಿಯನ್ನೂ ಬಟ್ಟೆ ಹಾಸಿ ಹಿಡಿದುಕೊಳ್ಳಿ.